ತೂಫಾನಿಗೆ ಮುನ್ನ ಮೀನು ಎಲ್ಲಿಗೆ ಹೋಗುತ್ತದೆ?

ಮೇ ಕೊನೆಯ ಹೊತ್ತಿಗೆ ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುವಾಗ ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಉಪ್ಪಳ, ಕುಂಬಳೆ ಭಾಗದ ಕಡಪ್ಪುರಗಳಲ್ಲಿ, ಅಂದರೆ ಕಡಲ ದಡದ ಮೀನುಗಾರರ ಕೇರಿಗಳಲ್ಲಿ, ತೂಫಾನಿನ ಮಾತು ಆರಂಭವಾಗುತ್ತದೆ. ತಲಪಾಡಿಯ ಆಚೆ ಕರ್ನಾಟಕದಲ್ಲಿ ಜೂನ್ 1ರಿಂದ 61 ದಿನ, ಈಚೆ ಕೇರಳದಲ್ಲಿ ಜೂನ್ 9ರ ಮಧ್ಯರಾತ್ರಿಯಿಂದ 52 ದಿನ ಟ್ರಾಲಿಂಗ್ ನಿಷೇಧ. ಬೋಟುಗಳು ದಡ ಸೇರಿದ ಮೇಲೆ ನಾಡದೋಣಿಗಳ ಸರದಿ. ಆಗ ಹಿರಿಯ ಮೀನುಗಾರರು "ಇನ್ನೂ ತೂಫಾನ್ ಆಗಿಲ್ಲ" ಎಂದರೆ ಅದು ನೆಮ್ಮದಿಯ ಮಾತಲ್ಲ, ಚಿಂತೆಯ ಮಾತು. ಕಡಲು ಒಮ್ಮೆ ಚೆನ್ನಾಗಿ ಕದಡಿ, ತಳದ ಕೆಸರು ಮೇಲೆದ್ದು, ಆಮೇಲೆ ಅಲೆ ತಗ್ಗಿದರೆ ಮಾತ್ರ ಸಿಗಡಿಯೂ ಮೀನಿನ ಹಿಂಡೂ ದಡದ ಹತ್ತಿರ ಬರುತ್ತವೆ ಎಂಬುದು ಅವರು ತಲೆಮಾರುಗಳಿಂದ ಇಟ್ಟುಕೊಂಡು ಬಂದ ಲೆಕ್ಕ. 2017ರ ನವೆಂಬರ್ ಕೊನೆಯಲ್ಲಿ ಓಖಿ ಚಂಡಮಾರುತವು ಕೇರಳ ಮತ್ತು ತಮಿಳುನಾಡಿನ ನೂರಾರು ಮೀನುಗಾರರನ್ನು ಬಲಿ ತೆಗೆದುಕೊಂಡಾಗಲೂ ಇದೇ ಕಡಪ್ಪುರಗಳಲ್ಲಿ ಜನ ಆಡಿದ್ದು ಇದೇ ಪದವನ್ನು. ಸುಗ್ಗಿಗೂ ತೂಫಾನು, ಸಾವಿಗೂ ತೂಫಾನು.

ಅಲೆಗಳ ಕೆಳಗೆ ಬದುಕುವ ಪ್ರಾಣಿಗಳು ಬಿರುಗಾಳಿಯನ್ನು ಹೇಗೆ ಎದುರಿಸುತ್ತವೆ ಎಂಬ ಪ್ರಶ್ನೆಗೆ ಕಳೆದ ಎರಡು ದಶಕಗಳಲ್ಲಿ ಕೆಲವು ಖಚಿತ ಉತ್ತರಗಳು ದೊರೆತಿವೆ. ಮೀನು, ಶಾರ್ಕ್, ಆಮೆಗಳ ಮೈಗೆ ಪುಟ್ಟ ಸಂಕೇತ ಯಂತ್ರಗಳನ್ನು ಅಂಟಿಸಿ, ಕಡಲ ತಳದಲ್ಲಿ ಅವನ್ನು ಆಲಿಸುವ ಉಪಕರಣಗಳನ್ನು ಇಟ್ಟಿದ್ದ ವಿಜ್ಞಾನಿಗಳಿಗೆ, ಅವರು ಬೇರೆ ಯಾವುದನ್ನೋ ಅಭ್ಯಸಿಸುತ್ತಿದ್ದ ವೇಳೆ ಅದೃಷ್ಟವಶಾತ್ ಬಿರುಗಾಳಿಯೇ ಎದುರಾಯಿತು. ನಮಗಿರುವ ಅತ್ಯುತ್ತಮ ದಾಖಲೆಗಳಲ್ಲಿ ಹಲವು ಹೀಗೆ ಸಿಕ್ಕಿದವು. ಅವುಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ನನಗೆ ಕಾಣುವುದು ಇಷ್ಟು: ಕಡಲಜೀವಿಗಳಿಗೆ ಬಿರುಗಾಳಿ ಹೊಸತಲ್ಲ, ಅದರ ಸುಳಿವನ್ನು ಅವು ನೀರಿನಲ್ಲೇ ಓದುತ್ತವೆ. ಆದರೆ ಆ ಓದು ಫಲ ಕೊಡಬೇಕಾದರೆ ಓಡುವ ಶಕ್ತಿ, ಹೋಗಲು ಒಂದು ಜಾಗ ಮತ್ತು ಸರಿಯಾದ ಕಾಲ, ಈ ಮೂರೂ ಕೂಡಿಬರಬೇಕು. ಅರಬ್ಬಿ ಸಮುದ್ರದಲ್ಲಿ ಈಗ ತಪ್ಪುತ್ತಿರುವುದು ಮುಖ್ಯವಾಗಿ ಕಾಲ.

ನೆಲದ ಮೇಲೆ ನಿಂತವರಿಗೆ ಚಂಡಮಾರುತವೆಂದರೆ ಮೊದಲು ಗಾಳಿ. ನೀರಿನೊಳಗಿನ ಜೀವಿಗೆ ಗಾಳಿ ನೇರವಾಗಿ ತಾಕುವುದಿಲ್ಲ. ಅದಕ್ಕೆ ತಾಕುವುದು ಗಾಳಿ ಎಬ್ಬಿಸಿದ ಅಲೆಯ ಎಳೆತ, ತಳದ ಮರಳಿನ ಕದಲಿಕೆ, ಕಿವಿರಿಗೆ ಮೆತ್ತುವ ಕೆಸರು, ಹೊಳೆಗಳಿಂದ ಒಮ್ಮೆಲೇ ನುಗ್ಗುವ ಸಿಹಿನೀರು, ಆಳದಿಂದ ಮೇಲೆದ್ದ ತಣ್ಣೀರು, ಮತ್ತು ಕಡಲೆಲ್ಲ ತುಂಬುವ ಮೊರೆತ. ಇವೆಲ್ಲಕ್ಕಿಂತ ಮುಂಚೆ ಬರುವುದು ಉಬ್ಬಲೆ. ಸಂಜೆಯ ಸಾಧಾರಣ ಗಾಳಿಗೆ ಏಳುವ, ಐದು ಸೆಕೆಂಡಿಗೊಮ್ಮೆ ದಡಕ್ಕೆ ಬಡಿಯುವ ಅಲೆಯೊಂದರ ನೆತ್ತಿಯಿಂದ ಮುಂದಿನ ಅಲೆಯ ನೆತ್ತಿಗೆ ತೆರೆದ ಕಡಲಿನಲ್ಲಿ ಸುಮಾರು 39 ಮೀಟರ್ ದೂರ. ಅಲೆಯ ಅಲುಗಾಟ ಆ ದೂರದ ಅರ್ಧದಷ್ಟು ಆಳಕ್ಕೆ ಇಳಿಯುತ್ತದೆ, ಅಂದರೆ ಇಲ್ಲಿ 20 ಮೀಟರಿಗೆ ಅದು ಮುಗಿಯಿತು. ಅದರ ಕೆಳಗಿರುವ ಮೀನಿಗೆ ಮೇಲೆ ಗಾಳಿ ಬೀಸುತ್ತಿದೆಯೆಂಬುದೇ ತಿಳಿಯದು. ದೂರದ ದೊಡ್ಡ ಬಿರುಗಾಳಿ ಎಬ್ಬಿಸಿದ, 14 ಸೆಕೆಂಡಿಗೊಮ್ಮೆ ಬರುವ ಉಬ್ಬಲೆಯಲ್ಲಾದರೋ ಈ ಅಂತರ 300 ಮೀಟರನ್ನು ದಾಟುತ್ತದೆ, ಅಲುಗಾಟ 150 ಮೀಟರ್ ಆಳದವರೆಗೆ ತಲುಪುತ್ತದೆ. ಆಳ ನಿಧಾನವಾಗಿ ಹೆಚ್ಚುವ ನಮ್ಮ ಕಡಲಿನಲ್ಲಿ ಅದು ದಡದಿಂದ ಬಹುದೂರದವರೆಗೂ ತಳವನ್ನು ಮುಟ್ಟಿ ಹಿಂದಕ್ಕೂ ಮುಂದಕ್ಕೂ ಉಜ್ಜುತ್ತದೆ. ಈ ಉಬ್ಬಲೆಯ ಶಕ್ತಿ ಗಂಟೆಗೆ 40 ಕಿಲೋಮೀಟರಿನ ಆಸುಪಾಸಿನಲ್ಲಿ ಸಾಗಿದರೆ, ಅದನ್ನು ಎಬ್ಬಿಸಿದ ಚಂಡಮಾರುತ ಅನೇಕ ಸಲ ಅದರ ಅರ್ಧ ವೇಗದಲ್ಲೂ ಚಲಿಸುವುದಿಲ್ಲ. ಹಾಗಾಗಿ ಆಕಾಶ ಇನ್ನೂ ತಿಳಿಯಾಗಿರುವಾಗಲೇ, ಕೆಲವೊಮ್ಮೆ ಒಂದೆರಡು ದಿನ ಮೊದಲೇ, ಕಡಲ ತಳಕ್ಕೆ ಸುದ್ದಿ ಮುಟ್ಟಿರುತ್ತದೆ.

ಎರಡನೆಯ ಸುಳಿವು ವಾಯುಭಾರ ಕುಸಿತ. ಇದರ ಬಗ್ಗೆ ಅತ್ಯಂತ ಪ್ರಸಿದ್ಧವಾದ ದಾಖಲೆ ಅಮೆರಿಕದ ಫ್ಲಾರಿಡಾದ್ದು. 2001ರ ಸೆಪ್ಟೆಂಬರಿನಲ್ಲಿ ಗೇಬ್ರಿಯೆಲ್ ಎಂಬ ಬಿರುಗಾಳಿ ಅಲ್ಲಿನ ಟೆರಾ ಸೀಯಾ ಕೊಲ್ಲಿಯತ್ತ ಬರುತ್ತಿದ್ದಾಗ, ಮಿಷೆಲ್ ಹ್ಯೂಪೆಲ್ ಮತ್ತು ಸಂಗಡಿಗರು ಸಂಕೇತ ಯಂತ್ರ ಅಳವಡಿಸಿದ್ದ ಕಪ್ಪುತುದಿಯ ರೆಕ್ಕೆಯ ಶಾರ್ಕ್ ಮರಿಗಳು ಆ ಆಳವಿಲ್ಲದ ಕೊಲ್ಲಿಯಲ್ಲಿದ್ದವು. ವಾಯುಭಾರ ಇಳಿಯತೊಡಗಿದಂತೆ ಅವೆಲ್ಲವೂ, ಬಿರುಗಾಳಿ ದಡ ಮುಟ್ಟುವ ಮೊದಲೇ, ಕೊಲ್ಲಿ ಬಿಟ್ಟು ಆಳದ ನೀರಿಗೆ ಹೊರಟುಹೋದವು. ಎರಡು ವಾರಗಳೊಳಗೆ ಮರಳಿ ಬಂದವು. ಇಲ್ಲಿ ಗಮನಿಸಬೇಕಾದದ್ದು ಅವುಗಳ ವಯಸ್ಸು. ಅವು ಆ ವರ್ಷವೇ ಹುಟ್ಟಿದ ಮರಿಗಳು. ಅಂಥ ಬಿರುಗಾಳಿಯನ್ನು ಹಿಂದೆ ಕಂಡಿರಲಿಲ್ಲ, ಜೊತೆಗಿದ್ದು ದಾರಿ ತೋರಿಸುವ ತಾಯಿಯೂ ಇರಲಿಲ್ಲ, ಏಕೆಂದರೆ ಶಾರ್ಕ್‌ಗಳು ಮರಿ ಹಾಕಿದ ಮೇಲೆ ಸಾಕುವುದಿಲ್ಲ. ಹಾಗಿದ್ದೂ ಹೊರಟವು ಎಂದರೆ ಈ ಅರಿವು ಅನುಭವದಿಂದ ಕಲಿತದ್ದಲ್ಲ, ಮೈಯಲ್ಲೇ ಹುಟ್ಟಿನಿಂದ ಇರುವಂಥದ್ದು.

ಆದರೆ ವಾಯುಭಾರದ ವಿವರಣೆಯನ್ನು ಕೇಳಿದ ಕೂಡಲೇ ಒಪ್ಪಿಬಿಡುವುದು ಸರಿಯಲ್ಲ. ವಾಯುಭಾರ 10 ಮಿಲಿಬಾರ್ ಕುಸಿದರೆ, ನೀರಿನಲ್ಲಿರುವ ಪ್ರಾಣಿಯ ಮೇಲೆ ಆಗುವ ವ್ಯತ್ಯಾಸ ಕೇವಲ 10 ಸೆಂಟಿಮೀಟರ್ ನೀರಿನ ಭಾರದಷ್ಟು. ಬಂಗುಡೆಯೊಂದು ಒಂದು ಗೇಣು ಮೇಲೆ ಕೆಳಗೆ ಈಜಿದರೆ ಅದಕ್ಕಿಂತ ಹೆಚ್ಚಿನ ವ್ಯತ್ಯಾಸವಾಗುತ್ತದೆ. ದಿನನಿತ್ಯದ ಭರತ–ಇಳಿತದಲ್ಲೇ ಅದರ ಹಲವು ಪಟ್ಟು ಏರಿಳಿತವಿದೆ. ಇಷ್ಟೆಲ್ಲ ಗದ್ದಲದ ನಡುವೆ ಆ ಸಣ್ಣ ಕುಸಿತವನ್ನು ಪ್ರಾಣಿ ಹೆಕ್ಕಿ ತೆಗೆಯುವುದು ಹೇಗೆ? ಸಣ್ಣ ಜಾತಿಯ ಶಾರ್ಕ್‌ಗಳ ಒಳಕಿವಿಯಲ್ಲಿರುವ ರೋಮಕೋಶಗಳು ಒತ್ತಡದ ಅತಿಸೂಕ್ಷ್ಮ ಬದಲಾವಣೆಗೂ ಸ್ಪಂದಿಸುತ್ತವೆ ಎಂಬುದನ್ನು ಪ್ರಯೋಗಾಲಯದಲ್ಲಿ ಕಂಡುಕೊಳ್ಳಲಾಗಿದೆ. ಕೊಲ್ಲಿ, ಅಳಿವೆಗಳಂಥ ಆಳವಿಲ್ಲದ ಶಾಂತ ನೀರಿನಲ್ಲಿ, ಭರತ–ಇಳಿತದ ತಾಳಕ್ಕೆ ಹೊಂದದೆ ಗಂಟೆಗಟ್ಟಲೆ ಒಂದೇ ದಿಕ್ಕಿಗೆ ಇಳಿಯುವ ಒತ್ತಡವನ್ನು ಅವು ಗುರುತಿಸಬಹುದು. ತೆರೆದ ಕಡಲಿನಲ್ಲಿ ಅದೇ ಸುಳಿವು ಅಷ್ಟೇ ಸ್ಪಷ್ಟವಾಗಿರುತ್ತದೆ ಎಂದು ನನಗೆ ಅನ್ನಿಸುವುದಿಲ್ಲ.

ಈ ಅನುಮಾನಕ್ಕೆ ಬಲ ಕೊಟ್ಟದ್ದು 2017ರಲ್ಲಿ ಅಮೆರಿಕದ ಉತ್ತರ ಕೆರೊಲಿನಾದ ಕರಾವಳಿಯಾಚೆ ನಡೆದ ಅಧ್ಯಯನ. ಅಲ್ಲಿ ತಳದ ಬಂಡೆಗಳ ಬಳಿ ವಾಸಿಸುವ ಬೂದು ಟ್ರಿಗರ್ ಮೀನುಗಳ ಚಲನೆಯನ್ನು ದಾಖಲಿಸುತ್ತಿದ್ದಾಗ ಹೋಸೆ ಮತ್ತು ಮರಿಯಾ ಎಂಬ ಎರಡು ಚಂಡಮಾರುತಗಳು ಕಡಲಿನಲ್ಲಿ ದೂರದಿಂದ ಹಾದುಹೋದವು. ಟ್ರಿಗರ್ ಮೀನಿನ ಬಳಗ ನಮಗೆ ಅಪರಿಚಿತವಲ್ಲ. ಕಾರ್ಗಿಲ್ ಯುದ್ಧದ ಕಾಲಕ್ಕೆ ನಮ್ಮ ಬಲೆಗಳಿಗೆ ರಾಶಿ ರಾಶಿ ಬಿದ್ದು, ಅದರಿಂದಲೇ "ಕಾರ್ಗಿಲ್ ಮೀನು" ಎಂದು ಹೆಸರಾದದ್ದು ಇದೇ ಬಳಗದ ಇನ್ನೊಂದು ಜಾತಿ. ಚಂಡಮಾರುತಗಳ ವೇಳೆ ಕೆರೊಲಿನಾದ ಮೀನುಗಳು ಮಾಮೂಲಿಗಿಂತ ವೇಗವಾಗಿ ಅತ್ತಿತ್ತ ಚಲಿಸಿದವು, ಹಲವು ಆ ಜಾಗವನ್ನೇ ಬಿಟ್ಟು ಹೆಚ್ಚು ಆಳಕ್ಕೆ ಸರಿದವು. ಈ ಚಲನೆಯನ್ನು ವಾಯುಭಾರ, ನೀರಿನ ಉಷ್ಣತೆ, ಅಲೆ ಮೊದಲಾದವುಗಳ ಜೊತೆ ಹೋಲಿಸಿದಾಗ, ಅತಿ ಹೆಚ್ಚು ತಾಳೆಯಾದದ್ದು ತಳದಲ್ಲಿ ಅಲೆಯ ಎಳೆತದ ವೇಗ. ಬಿರುಗಾಳಿ ನೂರಾರು ಕಿಲೋಮೀಟರ್ ದೂರದಲ್ಲಿದ್ದರೂ ಮೀನು ಜಾಗ ಬಿಟ್ಟದ್ದು, ತಾನು ನಿಂತ ತಳ ಅಲುಗಾಡತೊಡಗಿದ್ದರಿಂದ.

ಇಲ್ಲಿ ಕಾಸರಗೋಡಿನವರಿಗೆ ತಾವಾಗಿಯೇ ಹೊಳೆಯುವ ಒಂದು ಸಂಗತಿ ಇದೆ: ಕಳ್ಳಕ್ಕಡಲ್. ಕಳ್ಳನಂತೆ ಸದ್ದಿಲ್ಲದೆ ಬರುವ ಕಡಲು ಎಂಬ ಅರ್ಥದ ಈ ಮಲಯಾಳಂ ಪದವನ್ನು 2012ರಲ್ಲಿ ಯುನೆಸ್ಕೊ ಕೂಡ ವೈಜ್ಞಾನಿಕ ಬಳಕೆಗೆ ಅಂಗೀಕರಿಸಿತು. ಭೂಮಧ್ಯರೇಖೆಯಿಂದ ಬಹಳ ಕೆಳಗೆ, ಹಿಂದೂ ಮಹಾಸಾಗರದ ದಕ್ಷಿಣ ತುದಿಯಲ್ಲಿ ಎದ್ದ ಬಿರುಗಾಳಿಗಳ ಉಬ್ಬಲೆ ಕೆಲವು ದಿನ ಪ್ರಯಾಣ ಮಾಡಿ ನಮ್ಮ ದಡಕ್ಕೆ ಬಂದು ಮನೆಯಂಗಳದವರೆಗೂ ನುಗ್ಗುತ್ತದೆ. 2024ರ ಮಾರ್ಚ್ 31ರಂದು ದಕ್ಷಿಣ ಕೇರಳದ ಕರಾವಳಿಯಲ್ಲಿ ಆದದ್ದು ಇದೇ. ಆಗ ನಮ್ಮಲ್ಲಿ ಗಾಳಿ ಇರುವುದಿಲ್ಲ, ಮಳೆ ಇರುವುದಿಲ್ಲ, ವಾಯುಭಾರ ಕುಸಿದಿರುವುದಿಲ್ಲ. ಬಿಸಿಲು ಕಾಯುತ್ತಿರುತ್ತದೆ, ಕಡಲು ಮಾತ್ರ ಉಬ್ಬಿರುತ್ತದೆ. ಬಿರುಗಾಳಿಯ ಇತರ ಎಲ್ಲ ಲಕ್ಷಣಗಳಿಂದ ಉಬ್ಬಲೆಯೊಂದನ್ನೇ ಬೇರ್ಪಡಿಸಿ ನಮ್ಮ ಮುಂದಿಡುವ ಪ್ರಯೋಗವನ್ನು ಪ್ರಕೃತಿಯೇ ಪ್ರತಿ ಬೇಸಿಗೆಯಲ್ಲೂ ಮಾಡಿ ತೋರಿಸುತ್ತಿದೆ. ಕಳ್ಳಕ್ಕಡಲಿನ ದಿನ ತಳದ ಮೀನುಗಳು ಜಾಗ ಬಿಟ್ಟರೆ ಕಾರಣ ಅಲೆಯೇ. ಬಿಡದಿದ್ದರೆ ಬೇರೆ ಸುಳಿವನ್ನು ಹುಡುಕಬೇಕು.

ಬಿರುಗಾಳಿ ಬಂದರೆ ಕಡಲ ಪ್ರಾಣಿಗಳೆಲ್ಲ ಓಡಿಹೋಗುತ್ತವೆ ಎಂದು ತಿಳಿಯುವುದು ಇನ್ನೊಂದು ತಪ್ಪು. ತೈವಾನಿನ ಲಾನ್‌ಯು ದ್ವೀಪದ ಕಡಲಹಾವುಗಳು 2009ರ ಆಗಸ್ಟಿನಲ್ಲಿ ಮೊರಾಕೋಟ್ ಚಂಡಮಾರುತ ಬರುವ ಮೊದಲೇ ಕಣ್ಮರೆಯಾದವು. ಅವು ಆಳದ ಕಡಲಿಗೆ ಹೋದಂತೆ ತೋರಲಿಲ್ಲ. ಬಂಡೆಗಳ ಸಂದಿನಲ್ಲಿ, ದಡದ ಗವಿಗಳಲ್ಲಿ ಅಡಗಿದವು ಎಂಬುದು ಸಂಶೋಧಕರ ತೀರ್ಮಾನ. ಅವು ನೆಲಕ್ಕೂ ಹತ್ತಬಲ್ಲ ಜಾತಿಯ ಹಾವುಗಳು; ನಮ್ಮ ಬಲೆಗಳಿಗೆ ಸಾಮಾನ್ಯವಾಗಿ ಸಿಗುವ, ನೆಲದ ಮೇಲೆ ಸರಿಯಾಗಿ ಹರಿದಾಡಲೂ ಆಗದ ಕಡಲಹಾವುಗಳಿಗೆ ಆ ಆಶ್ರಯ ಇಲ್ಲ. 2016ರಲ್ಲಿ ಮ್ಯಾಥ್ಯೂ ಚಂಡಮಾರುತ ಬಹಾಮಾಸ್ ದ್ವೀಪಗಳ ಮೇಲೆ ಹಾದುಹೋದಾಗ ಅಲ್ಲಿನ ಹುಲಿ ಶಾರ್ಕ್‌ಗಳು ಆಳವಿಲ್ಲದ ನೀರಿನಲ್ಲೇ ಉಳಿದವು, ಬಿರುಗಾಳಿ ದಾಟಿದ ಮೇಲೆ ಅವುಗಳ ಸಂಖ್ಯೆ ಇನ್ನೂ ಹೆಚ್ಚಿತು. ಸತ್ತು ತೇಲುವ ಪ್ರಾಣಿಗಳು ಅವಕ್ಕೆ ಸುಲಭದ ಆಹಾರವಾದವು ಎಂಬುದು ಇದಕ್ಕೆ ಕೊಡಲಾದ ವಿವರಣೆ. ಫ್ಲಾರಿಡಾದ ಮರಿಗಳು ಓಡಿದ್ದು, ಬಹಾಮಾಸಿನ ದೊಡ್ಡವು ನಿಂತದ್ದು, ಎರಡೂ ತಾಟೆಯ, ಅಂದರೆ ಶಾರ್ಕಿನ, ಕುಲವೇ. ಮೈಗಾತ್ರ ಮತ್ತು ಹೊಟ್ಟೆಪಾಡು ತೀರ್ಮಾನವನ್ನು ಬದಲಿಸುತ್ತವೆ.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ತಟ್ಟಿದ ದಾಖಲೆ ಟೆಕ್ಸಾಸಿನದು. ನಮ್ಮ ಕೊಡ್ಡಾಯಿಯ ಬಳಗಕ್ಕೆ ಸೇರಿದ ಮಚ್ಚೆಯ ಮೀನೊಂದು ಅಲ್ಲಿನ ಹಿನ್ನೀರಿನಲ್ಲಿ ಮೊಟ್ಟೆಯಿಡುತ್ತದೆ. ಈ ಬಳಗದ ಗಂಡು ಮೀನುಗಳು ಹೊಟ್ಟೆಯೊಳಗಿನ ಗಾಳಿಚೀಲವನ್ನು ಸ್ನಾಯುವಿನಿಂದ ಬಡಿದು ಡೊಳ್ಳಿನಂಥ ಸದ್ದು ಹೊರಡಿಸಿ ಹೆಣ್ಣನ್ನು ಕರೆಯುತ್ತವೆ. ನೀರಿನಲ್ಲಿ ಇಳಿಬಿಟ್ಟ ಧ್ವನಿಗ್ರಾಹಕದಿಂದ ಆ ಸದ್ದನ್ನು ಕೇಳಿ ಮೊಟ್ಟೆಯಿಡುವ ಹೊತ್ತನ್ನು ತಿಳಿಯಬಹುದು. 2017ರ ಆಗಸ್ಟಿನಲ್ಲಿ ನಾಲ್ಕನೆಯ ದರ್ಜೆಯ ಹಾರ್ವೆ ಚಂಡಮಾರುತದ ಕಣ್ಣು ನೇರವಾಗಿ ಆ ಜಾಗದ ಮೇಲೆಯೇ ಹಾದುಹೋಯಿತು. ಮೇಲೆ ಮನೆಗಳ ಮಾಡು ಹಾರುತ್ತಿದ್ದಾಗ ಕೆಳಗೆ ಆ ಮೀನುಗಳು ಎಂದಿನಂತೆ ಕೂಗಿದವು, ಒಂದು ದಿನವನ್ನೂ ತಪ್ಪಿಸಲಿಲ್ಲ. ನೀರು ತಣ್ಣಗಾದ ಮೇಲಿನ ದಿನಗಳಲ್ಲಿ ಮಾತ್ರ ಹೊತ್ತು ಸ್ವಲ್ಪ ಮುಂಚಿತವಾಯಿತು. ಬಿರುಗಾಳಿಯ ಋತುವೂ ಮೊಟ್ಟೆಯಿಡುವ ಋತುವೂ ಒಂದೇ ಆಗಿರುವ ಕಡಲಿನಲ್ಲಿ ವಂಶ ಉಳಿಸಿಕೊಂಡು ಬಂದ ಜಾತಿಗೆ ಬಿರುಗಾಳಿಗಾಗಿ ಕೆಲಸ ನಿಲ್ಲಿಸುವ ಅಭ್ಯಾಸವಿಲ್ಲ. ನಮ್ಮ ಬೂತಾಯಿಯೂ ಮುಂಗಾರಿನ ಕದಡಿದ ಕಡಲಿನಲ್ಲೇ ಮೊಟ್ಟೆಯಿಡುತ್ತದೆ ಎಂಬುದನ್ನು ಇದರ ಜೊತೆ ನೆನೆದರೆ, ಪ್ರಾಣಿಗಳ ಪಂಚಾಂಗ ಎಂಬ ಮಾತಿಗೆ ಅರ್ಥ ಬರುತ್ತದೆ.

ಉಸಿರಾಡಲು ಮೇಲೆ ಬರಲೇಬೇಕಾದ ಪ್ರಾಣಿಗಳ ಕಷ್ಟ ಬೇರೆ. ಬಿರುಗಾಳಿಯ ನಡುವೆ ನೀರಿನ ಮೇಲ್ಮೈಯೇ ಅತ್ಯಂತ ಅಪಾಯದ ಜಾಗ, ಆಮೆಗೂ ಡಾಲ್ಫಿನಿಗೂ ಅದನ್ನು ತಪ್ಪಿಸಿಕೊಳ್ಳುವಂತಿಲ್ಲ. 2011ರಲ್ಲಿ ಐರೀನ್ ಚಂಡಮಾರುತ ಹಾದುಹೋದ ಅಟ್ಲಾಂಟಿಕ್ ಕರಾವಳಿಯಲ್ಲಿ, ಸಂಕೇತ ಯಂತ್ರ ಹೊತ್ತ ಲಾಗರ್‌ಹೆಡ್ ಕಡಲಾಮೆಗಳು ಆಮೇಲೆ ಹೆಚ್ಚು ಹೊತ್ತು ಮುಳುಗತೊಡಗಿದವು. ತಳದಲ್ಲಿದ್ದ ತಣ್ಣೀರಿನ ಪದರವನ್ನು ಬಿರುಗಾಳಿ ಕಲಸಿಬಿಟ್ಟಿತ್ತು, ಅದರೊಂದಿಗೆ ಆಮೆಗಳ ಮೇವಿನ ಕ್ರಮವೂ ಬದಲಾಯಿತು. ಬಹಾಮಾಸಿನಲ್ಲಿ 2004ರ ಎರಡು ಚಂಡಮಾರುತಗಳ ಬಳಿಕ, ವರ್ಷಗಳಿಂದ ಗುರುತು ಹಿಡಿದು ಅಭ್ಯಸಿಸುತ್ತಿದ್ದ ಡಾಲ್ಫಿನ್‌ಗಳಲ್ಲಿ ಸುಮಾರು ಮೂರನೇ ಒಂದು ಭಾಗ ಮತ್ತೆ ಕಾಣಿಸಲಿಲ್ಲ. ಕಡಲಹಕ್ಕಿಗಳಲ್ಲಿ ಜಪಾನಿನ ಷಿಯರ್‌ವಾಟರ್‌ಗಳು ಚಂಡಮಾರುತದಿಂದ ದೂರ ಹಾರುವ ಬದಲು ಕೆಲವೊಮ್ಮೆ ಅದರ ಕಣ್ಣಿನತ್ತಲೇ ಹಾರುತ್ತವೆ, ಏಕೆಂದರೆ ಅವುಗಳಿಗೆ ದೊಡ್ಡ ಅಪಾಯ ಗಾಳಿಯಲ್ಲ, ಗಾಳಿಗೆ ಸಿಕ್ಕಿ ನೆಲಕ್ಕೆ ಬೀಳುವುದು. ಮಳೆಗಾಲದಲ್ಲಿ ನಮ್ಮ ದಡದ ಮೇಲೆ ರೆಕ್ಕೆ ಸೋತು ಕುಳಿತ ಅಪರಿಚಿತ ಕಡಲಹಕ್ಕಿಯನ್ನು ಕಂಡವರು ಆ ಅಪಾಯ ಏನೆಂದು ಬಲ್ಲರು.

ಇಷ್ಟೂ ಹೊತ್ತು ಹೇಳಿದ್ದು ಈಜಬಲ್ಲ, ಹಾರಬಲ್ಲ ಪ್ರಾಣಿಗಳ ಮಾತು. ಬಿರುಗಾಳಿಯ ನಿಜವಾದ ಲೆಕ್ಕ ತೀರುವುದು ಕದಲಲಾಗದವುಗಳ ಮೇಲೆ, ಮತ್ತು ಅದನ್ನು ನೋಡಲು ಫ್ಲಾರಿಡಾದವರೆಗೆ ಹೋಗಬೇಕಾಗಿಲ್ಲ. ಕಾಸರಗೋಡು ಜಿಲ್ಲೆಯ ದಕ್ಷಿಣದ ಪಡನ್ನ, ಚೆರುವತ್ತೂರು ಭಾಗದ ಹಿನ್ನೀರಿನಲ್ಲಿ ಕಲ್ಲುಮ್ಮಕಾಯಿ ಎಂಬ ಚಿಪ್ಪುಜೀವಿಯ ಸಾಕಣೆ ನಡೆಯುತ್ತದೆ. ಅದರಲ್ಲಿ ಹೆಂಗಸರ ಸ್ವಸಹಾಯ ಗುಂಪುಗಳ ದುಡಿಮೆ ದೊಡ್ಡದು. ಉಗುರಿನಷ್ಟು ಚಿಕ್ಕ ಮರಿಚಿಪ್ಪುಗಳನ್ನು ಹಗ್ಗದ ಸುತ್ತ ಹರಡಿ, ತೆಳುವಾದ ಹತ್ತಿಯ ಬಲೆಬಟ್ಟೆಯಿಂದ ಸುತ್ತಿ ಹೊಲಿದು, ನೀರಿನಲ್ಲಿ ನೆಟ್ಟ ಕಂಬಗಳ ಅಟ್ಟಣೆಗೆ ಇಳಿಬಿಡುತ್ತಾರೆ. ಕೆಲವೇ ದಿನಗಳಲ್ಲಿ ಬಟ್ಟೆ ಕರಗಿಹೋಗುವಷ್ಟರಲ್ಲಿ ಪ್ರತಿಯೊಂದು ಚಿಪ್ಪೂ ತನ್ನದೇ ರೇಷ್ಮೆಯಂಥ ಎಳೆಗಳನ್ನು ಹೊರಡಿಸಿ ಹಗ್ಗವನ್ನು ಹಿಡಿದುಕೊಂಡಿರುತ್ತದೆ. ಆ ಹಿಡಿತ ಎಷ್ಟು ಗಟ್ಟಿಯೆಂದರೆ ಕೊಯ್ಲಿನ ದಿನ ಕೈಯಿಂದ ತಿರುಚಿ ಕೀಳಬೇಕು. ಅಲೆಯನ್ನು ಅದು ತಡೆದುಕೊಳ್ಳುತ್ತದೆ. ತಡೆಯಲಾಗದ್ದು ಸಿಹಿನೀರನ್ನು. ಉಪ್ಪು ಇಳಿದಾಗ ಚಿಪ್ಪು ಬಾಯಿ ಮುಚ್ಚಿ ಒಳಗಿನ ಉಪ್ಪುನೀರನ್ನೇ ಕಾದುಕೊಂಡು ಕೂರುತ್ತದೆ, ಆದರೆ ಮುಚ್ಚಿದ ಬಾಯಿಯಲ್ಲಿ ಉಸಿರೂ ಇಲ್ಲ, ಊಟವೂ ಇಲ್ಲ. ಹೊಳೆಯ ನೆರೆ ದಿನಗಟ್ಟಲೆ ಇಳಿಯದಿದ್ದರೆ ಚಿಪ್ಪು ಬಾಯಿಬಿಟ್ಟು ಸಾಯುತ್ತದೆ. ಆದ್ದರಿಂದಲೇ ನವೆಂಬರ್–ಡಿಸೆಂಬರಿನಲ್ಲಿ ಬಿತ್ತಿ, ಮಳೆಗಾಲಕ್ಕೆ ಮೊದಲು, ಮೇ ಮುಗಿಯುವುದರೊಳಗೆ ಕೊಯ್ಲು ಮಾಡುವ ಪದ್ಧತಿ. ಕೇರಳದ 44 ನದಿಗಳಲ್ಲಿ 12 ಹರಿಯುವ ಜಿಲ್ಲೆಯಲ್ಲಿ ಈ ಎಚ್ಚರ ಅನಿವಾರ್ಯ.

ಈ ಪದ್ಧತಿ ನಿಂತಿರುವುದು ಮಳೆ ಜೂನಿನಲ್ಲಿ ಬರುತ್ತದೆ ಎಂಬ ನಂಬಿಕೆಯ ಮೇಲೆ. 2021ರಲ್ಲಿ ತೌಕ್ತೆ ಚಂಡಮಾರುತ ಕೇರಳದ ಕರಾವಳಿಯಾಚೆ ಹಾದು ಗುಜರಾತಿನ ದಡ ಸೇರಿದ್ದು ಮೇ 17ರಂದು. ನಮ್ಮಲ್ಲಿ ಭಾರೀ ಮಳೆಯೂ ಕಡಲ್ಕೊರೆತವೂ ಆದದ್ದು ಅದಕ್ಕೂ ಮೊದಲ ಎರಡು ಮೂರು ದಿನಗಳಲ್ಲಿ. ಅಂದರೆ ಮುಂಗಾರಿಗೆ ಇನ್ನೂ ಎರಡು ವಾರಕ್ಕೂ ಹೆಚ್ಚು ಕಾಲವಿತ್ತು, ಹಗ್ಗಗಳು ನೀರಿನಲ್ಲೇ ಇರಬಹುದಾದ ಸಮಯ. ಮುಂಗಾರಿನ ನಡುವೆ ಅರಬ್ಬಿ ಸಮುದ್ರದಲ್ಲಿ ಚಂಡಮಾರುತ ಬೆಳೆಯುವುದು ಅಪರೂಪ, ಏಕೆಂದರೆ ಆಗ ಕೆಳಗಿನ ಗಾಳಿ ಒಂದು ದಿಕ್ಕಿಗೂ ಮೇಲಿನ ಗಾಳಿ ಇನ್ನೊಂದು ದಿಕ್ಕಿಗೂ ಬಲವಾಗಿ ಬೀಸಿ ಸುಳಿಯನ್ನು ಹರಿದುಹಾಕುತ್ತದೆ. ಅದು ಬೆಳೆಯುವುದು ಮುಂಗಾರಿನ ಮೊದಲು ಮೇ–ಜೂನಿನಲ್ಲಿ, ಆಮೇಲೆ ಅಕ್ಟೋಬರಿನಿಂದ ಡಿಸೆಂಬರಿನವರೆಗೆ. ಮೊದಲ ಅವಧಿ ಕಲ್ಲುಮ್ಮಕಾಯಿಯ ಕೊಯ್ಲಿನ ಕಾಲ. ಎರಡನೆಯ ಅವಧಿ ಆಲಿವ್ ರಿಡ್ಲಿ ಆಮೆಗಳು ನಮ್ಮ ಮರಳದಂಡೆಗೆ ಮೊಟ್ಟೆಯಿಡಲು ಬರತೊಡಗುವ ಕಾಲ.

ಆಮೆಯ ವಿಷಯವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ತಾಯಿ ಆಮೆ ರಾತ್ರಿ ದಡಕ್ಕೆ ಬಂದು, ಹಿಂದಿನ ಕಾಲುಗಳಿಂದ ಮೊಳದಷ್ಟು ಆಳದ ಗುಂಡಿ ತೋಡಿ, ನೂರರ ಸುಮಾರಿಗೆ ಮೊಟ್ಟೆಯಿಟ್ಟು, ಮರಳು ಮುಚ್ಚಿ ಹಿಂತಿರುಗುತ್ತದೆ. ಮೊಟ್ಟೆ ಒಡೆಯಲು 45ರಿಂದ 60 ದಿನ ಬೇಕು. ಅಷ್ಟು ದಿನವೂ ಮೊಟ್ಟೆಗಳು ಮರಳಿನ ಕಣಗಳ ನಡುವಿನ ಗಾಳಿಯಲ್ಲಿ ಉಸಿರಾಡುತ್ತವೆ. ಉಬ್ಬಲೆ ಒಮ್ಮೆ ಹರಿದು ಹೋದರೆ ತೊಂದರೆಯಿಲ್ಲ. ಗುಂಡಿಯಲ್ಲಿ ನೀರು ನಿಂತರೆ ಅಥವಾ ಮರಳೇ ಕೊಚ್ಚಿಹೋದರೆ ಗೂಡು ಮುಗಿದಂತೆ. ದಂಡೆ ಅಗಲವಾಗಿದ್ದ ಕಾಲದಲ್ಲಿ ಆಮೆ ಇನ್ನೂ ಮೇಲಕ್ಕೆ ನಡೆದು, ಬಳ್ಳಿ ಹಬ್ಬಿದ ದಿಬ್ಬದ ಬಳಿ ಜಾಗ ಹುಡುಕುತ್ತಿತ್ತು. ಈಗ ಕಡಲ್ಕೊರೆತಕ್ಕೆ ಪರಿಹಾರವೆಂದು ಹಾಕಿದ ಕಲ್ಲಿನ ತಡೆಗೋಡೆ ಎದುರಾದರೆ ಅದು ಗೋಡೆಯ ಬುಡದಲ್ಲೇ ಮೊಟ್ಟೆಯಿಡುತ್ತದೆ ಅಥವಾ ಇಡದೆ ಮರಳುತ್ತದೆ. ನೀಲೇಶ್ವರದ ಸಮೀಪದ ತೈಕಡಪ್ಪುರದಲ್ಲಿ ನೆಯ್ದಲ್ ಸಂಘಟನೆಯ ಕಾರ್ಯಕರ್ತರು ವರ್ಷಗಳಿಂದ ಇಂಥ ಮೊಟ್ಟೆಗಳನ್ನು ಸಂಗ್ರಹಿಸಿ, ಅಲೆ ಮುಟ್ಟದ ಎಡೆಯಲ್ಲಿ ಹೂತು, ಮರಿಗಳನ್ನು ಕಡಲಿಗೆ ಬಿಡುತ್ತ ಬಂದಿದ್ದಾರೆ. ಮನೆ ಕಳೆದುಕೊಳ್ಳುವ ಭಯದಲ್ಲಿರುವ ಕುಟುಂಬಕ್ಕೆ ಗೋಡೆ ಬೇಡವೆನ್ನುವ ಹಕ್ಕು ನನಗಿಲ್ಲ. ಆದರೆ ಮನೆಯೇ ಇಲ್ಲದ ಮರಳದಂಡೆಗೂ ಅದೇ ಗೋಡೆಯನ್ನು ಎಳೆದುಕೊಂಡು ಹೋಗುವ ಯೋಜನೆಯನ್ನು ಪ್ರಶ್ನಿಸದೆ ಇರಲಾರೆ.

ಹಾಗಾದರೆ ತೂಫಾನು ಸುಗ್ಗಿ ತರುತ್ತದೆ ಎಂಬ ನಾಡದೋಣಿಯವರ ಲೆಕ್ಕ ತಪ್ಪೇ? ಖಂಡಿತ ಅಲ್ಲ. ಬಲವಾದ ಗಾಳಿ ಮೇಲಿನ ಬೆಚ್ಚನೆಯ ನೀರನ್ನು ಕಲಸಿ ಆಳದ ತಣ್ಣೀರನ್ನು ಮೇಲಕ್ಕೆ ತರುತ್ತದೆ, ಅದರೊಂದಿಗೆ ತಳದಲ್ಲಿ ಶೇಖರವಾಗಿದ್ದ ಪೋಷಕಾಂಶಗಳು ಬೆಳಕಿಗೆ ಬರುತ್ತವೆ, ಕೆಲವೇ ದಿನಗಳಲ್ಲಿ ಸೂಕ್ಷ್ಮ ಸಸ್ಯಗಳು ಹಬ್ಬಿ ನೀರು ಹಸಿರಾಗುತ್ತದೆ. ಓಖಿ ಹಾದುಹೋದ ದಾರಿಯಲ್ಲೂ ಉಪಗ್ರಹಗಳು ಇಂಥ ಹಸಿರನ್ನು ಕಂಡವು. ಬೂತಾಯಿಗೆ ಇದು ಊಟ, ಬೂತಾಯಿಯನ್ನು ತಿನ್ನುವ ಅಂಜಲಿಗೂ ಪರೋಕ್ಷವಾಗಿ ಊಟ. ಇದರ ಜೊತೆ ಮುಂಗಾರಿನಲ್ಲಿ ನಮ್ಮ ಕರಾವಳಿಯ ಉದ್ದಕ್ಕೂ ಆಳದಿಂದ ಮೇಲೇಳುವ ನೀರಿನಲ್ಲಿ ಆಮ್ಲಜನಕ ಕಡಿಮೆ. ಅದು ತಳವನ್ನು ಆವರಿಸಿದಾಗ ತಳದ ಮೀನೂ ಸಿಗಡಿಯೂ ಅಲ್ಲಿ ನಿಲ್ಲಲಾಗದೆ, ಅಲೆ ಕಲಸಿದ ದಡದ ನೀರಿನತ್ತ ಸರಿಯುತ್ತವೆ. ತೂಫಾನಿನ ಬಳಿಕ ಬಲೆ ತುಂಬುವುದಕ್ಕೆ ಮೇವೂ ಕಾರಣ, ಉಸಿರುಕಟ್ಟುವಿಕೆಯೂ ಕಾರಣ ಎಂದು ನಾನು ತಿಳಿಯುತ್ತೇನೆ. ಹಿರಿಯರು ಹೇಳುವ ತೂಫಾನು ಮುಂಗಾರಿನ ಆರಂಭದ, ವರ್ಷವೂ ಬರುವ, ಪ್ರಾಣಿಗಳ ಪಂಚಾಂಗದಲ್ಲಿ ಬರೆದಿಟ್ಟ ತೂಫಾನು ಎಂಬುದನ್ನು ಮಾತ್ರ ಮರೆಯಬಾರದು.

ಪಂಚಾಂಗದಲ್ಲಿ ಇಲ್ಲದ ತೂಫಾನುಗಳು ಹೆಚ್ಚುತ್ತಿವೆ. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯ ವಿಜ್ಞಾನಿಗಳು 1982ರಿಂದ 2019ರವರೆಗಿನ ದಾಖಲೆಗಳನ್ನು ಪರಿಶೀಲಿಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅರಬ್ಬಿ ಸಮುದ್ರದ ಚಂಡಮಾರುತಗಳ ಸಂಖ್ಯೆ ಆ ಅವಧಿಯ ಮೊದಲರ್ಧಕ್ಕಿಂತ ಎರಡನೆಯ ಅರ್ಧದಲ್ಲಿ ಶೇಕಡ 52ರಷ್ಟು ಏರಿದೆ. ಅವು ಉಳಿಯುವ ಕಾಲವೂ ಹೆಚ್ಚಿದೆ. ಮೇಲ್ಪದರದ ನೀರು ಬಿಸಿಯಾಗುತ್ತಿರುವುದೇ ಮೂಲ. 2019ರಲ್ಲಿ ಕ್ಯಾರ್ ಮತ್ತು ಮಹಾ ಎಂಬ ಎರಡು ಚಂಡಮಾರುತಗಳು ಒಂದೇ ವೇಳೆಗೆ ಈ ಸಮುದ್ರದಲ್ಲಿದ್ದವು. 2023ರ ಜೂನಿನ ಬಿಪರ್‌ಜೋಯ್ ಹದಿಮೂರು ದಿನಗಳ ಆಸುಪಾಸು ಬದುಕಿತು. ಓಖಿಯಾದರೋ ನವೆಂಬರ್ 29ರಂದು ವಾಯುಭಾರ ಕುಸಿತವಾಗಿದ್ದದ್ದು ಮರುದಿನ ಬೆಳಗ್ಗೆ ಚಂಡಮಾರುತವಾಗಿತ್ತು. ಹತ್ತಿರದಲ್ಲೇ ಹುಟ್ಟಿ ಒಂದೇ ದಿನದೊಳಗೆ ಬಲಿಯುವ ಬಿರುಗಾಳಿಯು, ಮುಂದೆ ಓಡುವ ಉಬ್ಬಲೆಯಿಂದ ಸಿಗಬೇಕಾದ ಒಂದೆರಡು ದಿನಗಳ ಮುನ್ಸೂಚನೆಯನ್ನೇ ಕಿತ್ತುಕೊಳ್ಳುತ್ತದೆ. ಮೀನಿಗೂ ಅಷ್ಟೆ, ಮೀನುಗಾರನಿಗೂ ಅಷ್ಟೆ.

ಈ ಕಾರಣದಿಂದ, ಮೀನಿನ ವರ್ತನೆ ನೋಡಿ ಬಿರುಗಾಳಿಯನ್ನು ಮೊದಲೇ ತಿಳಿಯಬಹುದು ಎಂದು ವಾಟ್ಸಾಪಿನಲ್ಲಿ ಹರಿದಾಡುವ ಮಾತನ್ನು ನಾನು ಅಪಾಯಕಾರಿ ಎಂದು ಪರಿಗಣಿಸುತ್ತೇನೆ. ದಡಕ್ಕೆ ರಾಶಿ ಬಿದ್ದ ಬೂತಾಯಿ ಬಿರುಗಾಳಿಯ ಸೂಚನೆಯಾಗಿರಬಹುದು, ಆಮ್ಲಜನಕದ ಕೊರತೆಯೂ ಆಗಿರಬಹುದು, ಬೇಟೆಯಾಡುವ ದೊಡ್ಡ ಮೀನಿನ ಭಯವೂ ಆಗಿರಬಹುದು. ನೋಡಿದ ಮಾತ್ರಕ್ಕೆ ಬೇರ್ಪಡಿಸಲಾಗದು. ಇನ್ನೊಂದು ಕಡೆ, ಕೊಡ್ಡಾಯಿಯ ಬಳಗದ ಆ ಮೀನು ಹಾರ್ವೆಯ ನಡುವೆಯೂ ಎಂದಿನಂತೆ ಇತ್ತು. ಅದನ್ನು ನೋಡಿ ಕಡಲಿಗೆ ಇಳಿದಿದ್ದವನ ಗತಿ ಏನಾಗುತ್ತಿತ್ತು? ಹವಾಮಾನ ಇಲಾಖೆ ಕಡಲಿಗಿಳಿಯಬೇಡಿ ಎಂದ ದಿನ ಇಳಿಯಬಾರದು, ಮೀನು ಏನೇ ಮಾಡುತ್ತಿರಲಿ.

ಹಾಗೆಂದು ಮೀನುಗಾರರ ಕಣ್ಣಿಗೆ ಬೆಲೆಯಿಲ್ಲವೆಂದಲ್ಲ. ಇಲ್ಲಿ ಉದಾಹರಿಸಿದ ಅಧ್ಯಯನಗಳಲ್ಲಿ ಹೆಚ್ಚಿನವು ಅಟ್ಲಾಂಟಿಕ್ ಕಡಲಿನವು. ಅವುಗಳ ಶಾರ್ಕ್, ಟ್ರಿಗರ್ ಮೀನುಗಳ ನಡೆಯನ್ನು ನಮ್ಮ ಬಂಗುಡೆ, ನಂಗು, ಸಿಗಡಿಗಳಿಗೆ ಹಾಗೆಯೇ ಅನ್ವಯಿಸುವುದು ಸರಿಯಾಗದು. ಕಡಲಿನ ಮಾಹಿತಿ ಕೊಡುವ ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಕಳ್ಳಕ್ಕಡಲಿನ ಎಚ್ಚರಿಕೆಯನ್ನು ಮುಂಚಿತವಾಗಿ ಕೊಡುತ್ತದೆ, ಅಲೆ ಎಷ್ಟು ಎತ್ತರ, ಎಷ್ಟು ಸೆಕೆಂಡಿಗೊಮ್ಮೆ ಬರುತ್ತದೆ ಎಂಬ ಅಂಕಿಗಳ ಸಹಿತ. ಆ ಎಚ್ಚರಿಕೆಗೆ ಎರಡು ದಿನ ಮೊದಲು ಮತ್ತು ಅಲೆ ಇಳಿದು ಎರಡು ದಿನಗಳ ಬಳಿಕ, ಮಂಜೇಶ್ವರ, ಕಾಸರಗೋಡು, ಚೆರುವತ್ತೂರಿನಲ್ಲಿ ಯಾವ ಮೀನು ಎಷ್ಟು ಇಳಿಯಿತು, ಎಷ್ಟು ಮಾರು ಆಳದಲ್ಲಿ ಬಲೆ ಹಾಕಿದ್ದರು, ದಡದಿಂದ ಎಳೆಯುವ ಕೈರಂಪಣಿ ಬಲೆಗೆ ಬಿದ್ದದ್ದು ತಳದ ಮೀನೋ ಮೇಲಿನದೋ ಎಂಬುದನ್ನು ದೋಣಿಯವರಿಂದ ಕೇಳಿ ಬರೆದಿಡಲು ದೊಡ್ಡ ಯಂತ್ರಗಳು ಬೇಡ. ಒಂದು ನೋಟುಪುಸ್ತಕ, ಬೆಳಗಿನ ಹರಾಜಿನ ಹೊತ್ತಿಗೆ ದಡದಲ್ಲಿರುವ ಒಬ್ಬ ಕಾಲೇಜು ವಿದ್ಯಾರ್ಥಿ, ಮತ್ತು ತುಳು, ಬ್ಯಾರಿ, ಮಲಯಾಳಂ, ಕನ್ನಡ ನಾಲ್ಕರಲ್ಲೂ ಮೀನಿನ ಹೆಸರು ಬಲ್ಲ ಒಬ್ಬ ಹಿರಿಯರು ಸಾಕು. ಐದಾರು ಬೇಸಿಗೆಗಳ ಕಳ್ಳಕ್ಕಡಲಿನ ಲೆಕ್ಕ ಹೀಗೆ ಕೂಡಿದರೆ, ನಮ್ಮ ಕಡಲಿನ ಮೀನು ತಳದ ಅಲುಗಾಟಕ್ಕೆ ಜಾಗ ಬಿಡುತ್ತದೆಯೇ, ಇಲ್ಲ ಗಾಳಿಯೂ ಮಳೆಯೂ ಬರುವ ತನಕ ಕಾಯುತ್ತದೆಯೇ ಎಂಬ ಪ್ರಶ್ನೆಗೆ ಮೊದಲ ಉತ್ತರ ಕಾಸರಗೋಡಿನ ಕಡಪ್ಪುರದಿಂದಲೇ ಬರಬಹುದು.